ನೀರು ಬಿಡುವ ಕಾರು ನೀರಿನಿಂದ ಓಡಲ್ಲ

ಒಂದು ತಪ್ಪು ಒಪ್ಪಿಕೊಂಡು ಶುರು ಮಾಡ್ತೀನಿ.

2022ರ ಮಾರ್ಚ್ 30. ಕೇಂದ್ರ ಸಚಿವ ನಿತಿನ್ ಗಡ್ಕರಿ ಹೈಡ್ರೋಜನ್ ಕಾರಿನಲ್ಲಿ ಕೂತು ಸಂಸತ್ ಭವನಕ್ಕೆ ಬಂದರು. ಕಾರಿನ ಹೆಸರು ಟೊಯೋಟಾ ಮಿರಾಯ್. ಜಪಾನಿ ಭಾಷೆಯಲ್ಲಿ ಮಿರಾಯ್ ಅಂದ್ರೆ ಭವಿಷ್ಯ. ಹೊಗೆ ಇಲ್ಲ, ವಾಸನೆ ಇಲ್ಲ, ಹಿಂದಿನಿಂದ ತೊಟ್ಟಿಕ್ಕೋದು ಬರೀ ನೀರು. ಟಿವಿಗೆ ಇನ್ನೇನು ಬೇಕು? ಆ ಸಂಜೆ ನಮ್ಮ ಪರದೆ ಮೇಲೆ ದಪ್ಪ ಅಕ್ಷರದಲ್ಲಿ ಬಂತು: ‘ನೀರಿನಿಂದ ಓಡುತ್ತೆ ಈ ಕಾರು!’ ಅದನ್ನ ಏರುದನಿಯಲ್ಲಿ ಓದಿದ್ದು ನಾನು. ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದವನು. ಥರ್ಮೋಡೈನಮಿಕ್ಸ್ ಎರಡನೇ ಸಲಕ್ಕೆ ಪಾಸಾದ್ರೂ, ಪಾಸಂತೂ ಆಗಿದ್ದೆ. ಆ ಸಾಲು ತಪ್ಪು ಅಂತ ನನಗೆ ಗೊತ್ತಿತ್ತು. ಆದ್ರೂ ಓದಿದೆ.

ಕಾರ್ಯಕ್ರಮ ಮುಗಿದ ಮೇಲೆ ಮಂಡ್ಯ ಕಡೆಯ ಒಬ್ಬ ಟ್ಯಾಕ್ಸಿ ಚಾಲಕರು ಫೋನ್ ಮಾಡಿದ್ರು. ‘ಸಾರ್, ಹಳೇ ಗಾಡಿ ಕೊಟ್ಟು ಹೊಸದಕ್ಕೆ ಲೋನ್ ಮಾಡೋಣ ಅಂತಿದ್ದೆ. ನೀವು ಹೇಳಿದ ನೀರಿನ ಗಾಡಿ ಬರುತ್ತೆ ಅಂದ್ರೆ ತಡೀತೀನಿ. ಏನ್ ಮಾಡ್ಲಿ?’ ನಾನು ಮೇಕಪ್ ಒರೆಸಿಕೊಳ್ತಾ ಇದ್ದೆ. ‘ಒಂದೆರಡು ವರ್ಷ ನೋಡಣ್ಣ, ಆತುರ ಯಾಕೆ’ ಅಂದುಬಿಟ್ಟೆ.

ಅವತ್ತು ಅವರಿಗೆ ನಾನು ಹೇಳಬೇಕಾಗಿದ್ದ ಕಥೆ ಇದು. ಸ್ವಲ್ಪ ಹಿಂದಕ್ಕೆ ಹೋಗಬೇಕು. ಸ್ವಲ್ಪ ಅಲ್ಲ, ಇನ್ನೂರೈವತ್ತು ವರ್ಷ.

ನಮ್ಮ ಶಾಲೆಯ ಕನ್ನಡ ಪಠ್ಯದಲ್ಲಿ ಹೈಡ್ರೋಜನ್ನಿಗೆ ಜಲಜನಕ ಅಂತಿತ್ತು, ನೆನಪಿದೆಯಾ? 1766ರಲ್ಲಿ ಇಂಗ್ಲೆಂಡಿನ ಹೆನ್ರಿ ಕ್ಯಾವೆಂಡಿಶ್ ಈ ಅನಿಲವನ್ನ ಬೇರೆಯೇ ವಸ್ತು ಅಂತ ಗುರುತಿಸಿದ. ಅದು ಉರಿದರೆ ನೀರಾಗುತ್ತೆ ಅಂತ ಗೊತ್ತಾದ ಮೇಲೆ ಫ್ರಾನ್ಸಿನ ಲಾವೋಸಿಯೆ ಅದಕ್ಕೆ ನೀರನ್ನ ಹುಟ್ಟಿಸುವುದು ಅನ್ನೋ ಅರ್ಥದ ಹೆಸರಿಟ್ಟ. ಅದೇ ನಮ್ಮ ಜಲಜನಕ. ಹೆಸರಲ್ಲೇ ಎಲ್ಲಾ ಇದೆ ನೋಡಿ. ಹೈಡ್ರೋಜನ್ ಸುಟ್ಟರೆ ನೀರು. ಅಂದ್ರೆ ನೀರು ಅನ್ನೋದು ಈಗಾಗಲೇ ಸುಟ್ಟುಹೋದ ಹೈಡ್ರೋಜನ್. ಒಲೆಯಲ್ಲಿ ಸೌದೆ ಉರಿದು ಬೂದಿ ಉಳಿಯುತ್ತಲ್ಲ, ಆ ಬೂದಿ ಇದ್ದ ಹಾಗೆ. ಬೂದಿಗೆ ಮತ್ತೆ ಬೆಂಕಿ ಹಚ್ಚಿ ಅನ್ನ ಬೇಯಿಸೋಕೆ ಆಗುತ್ತಾ? ಬೂದಿಯನ್ನ ವಾಪಸ್ ಸೌದೆ ಮಾಡ್ಬೇಕು ಅಂದ್ರೆ, ಉರಿದಾಗ ಬಂದಷ್ಟೂ ಶಕ್ತಿಯನ್ನ ನೀವೇ ತಿರುಗಿ ತುಂಬಬೇಕು. ಜೊತೆಗೆ ದಾರಿಯಲ್ಲಿ ಸೋರಿ ಹೋಗಿದ್ದಕ್ಕೂ ಕೊಡಬೇಕು.

ಈ ಬಿಲ್ಲು ಮೊದಲು ಕಟ್ಟಿದವರು ಬಲೂನಿನವರು. 1783ರ ಆಗಸ್ಟ್ 27ರಂದು ಪ್ಯಾರಿಸ್ಸಿನಲ್ಲಿ ಜಾಕ್ ಶಾರ್ಲ್ ಹೈಡ್ರೋಜನ್ ಬಲೂನನ್ನ ಹಾರಿಸಿದ. ಅದನ್ನ ತುಂಬೋಕೆ ನೂರಾರು ಕೆ.ಜಿ. ಕಬ್ಬಿಣದ ಚೂರಿನ ಮೇಲೆ ಸಲ್ಫ್ಯೂರಿಕ್ ಆಸಿಡ್ ಸುರಿಯುತ್ತಾ ದಿನಗಟ್ಟಲೆ ಕೂತಿದ್ದರು. ಹಾರಿದ್ದು ಮುಕ್ಕಾಲು ಗಂಟೆ. ಗೊನೆಸ್ ಅನ್ನೋ ಹಳ್ಳಿಯ ಹತ್ತಿರ ಇಳಿದಾಗ ಊರಿನವರು ಏನೋ ಭೂತ ಬಂತು ಅಂತ ಕವೆಗೋಲು ಹಿಡಿದು ಚುಚ್ಚಿ ಹರಿದು ಹಾಕಿದರು. ದಿನಗಟ್ಟಲೆ ತಯಾರಿ, ಗಳಿಗೆಯ ಹಾರಾಟ. ಇದನ್ನ ಸ್ವಲ್ಪ ನೆನಪಿಟ್ಟುಕೊಳ್ಳಿ.

ಇನ್ನು ಗಾಡಿ ವಿಷಯ. ಹೈಡ್ರೋಜನ್ ವಾಹನ ಹೊಸ ಕಲ್ಪನೆ ಅಂದುಕೊಂಡಿದ್ದೀರಾ? ಸ್ವಿಟ್ಜರ್ಲೆಂಡಿನ ಐಸಾಕ್ ದ ರಿವಾಜ್ 1807ರಲ್ಲೇ ಹೈಡ್ರೋಜನ್ ಮತ್ತು ಆಮ್ಲಜನಕ ಬೆರೆಸಿ, ವಿದ್ಯುತ್ ಕಿಡಿ ಹೊತ್ತಿಸಿ ಓಡುವ ಎಂಜಿನ್ನಿಗೆ ಪೇಟೆಂಟ್ ಪಡೆದು, ಅದನ್ನ ಗಾಡಿಗೆ ಕೂರಿಸಿದ್ದ. ಕಾರ್ಲ್ ಬೆಂಜ್ ತನ್ನ ಪೆಟ್ರೋಲ್ ಗಾಡಿಗೆ ಪೇಟೆಂಟ್ ತಗೊಂಡಿದ್ದು 1886ರಲ್ಲಿ. ಅಂದ್ರೆ ಹೈಡ್ರೋಜನ್ ಗಾಡಿ ಪೆಟ್ರೋಲ್ ಗಾಡಿಗಿಂತ ಎಂಬತ್ತು ವರ್ಷ ಹಿರಿಯ! ಗೆದ್ದಿದ್ದು ಮಾತ್ರ ಕಿರಿಯ. ಪೆಟ್ರೋಲನ್ನ ಡಬ್ಬದಲ್ಲಿ ಹೊತ್ತುಕೊಂಡು ಹೋಗಬಹುದಿತ್ತು.

1839ರ ಹೊತ್ತಿಗೆ ವಿಲಿಯಂ ಗ್ರೋವ್ ಅನ್ನೋ ವೇಲ್ಸಿನ ವಕೀಲರು (ಮುಂದೆ ನ್ಯಾಯಾಧೀಶರೂ ಆದರು) ಇನ್ನೊಂದು ದಾರಿ ತೋರಿಸಿದರು. ಬೆಂಕಿಯೇ ಬೇಡ. ಪ್ಲಾಟಿನಂ ಇಟ್ಟು, ಒಂದು ಕಡೆ ಹೈಡ್ರೋಜನ್, ಇನ್ನೊಂದು ಕಡೆ ಆಮ್ಲಜನಕ ಬಿಟ್ಟರೆ ಕರೆಂಟ್ ಹುಟ್ಟುತ್ತೆ, ನೀರು ಉಳಿಯುತ್ತೆ. ಇದೇ ಫ್ಯುಯೆಲ್ ಸೆಲ್. ಮಿರಾಯ್ ಒಳಗಿರೋದೂ ಇದೇ. ಹಾಗಾಗಿ ಹೈಡ್ರೋಜನ್ ಕಾರು ಕೂಡ ಎಲೆಕ್ಟ್ರಿಕ್ ಕಾರೇ. ಬ್ಯಾಟರಿಯಿಂದ ಬರೋ ಕರೆಂಟನ್ನ ಅದು ದಾರಿಯಲ್ಲೇ ತಯಾರಿಸಿಕೊಳ್ಳುತ್ತೆ, ಅಷ್ಟೆ. ಗ್ರೋವ್ ಅವರ ಈ ಪೆಟ್ಟಿಗೆ ಹೆಚ್ಚು ಕಡಿಮೆ ನೂರಿಪ್ಪತ್ತು ವರ್ಷ ಪ್ರಯೋಗಾಲಯದಲ್ಲೇ ಕೂತಿತ್ತು.

ಆ ನಡುವೆ ಹಿಂಡೆನ್‌ಬರ್ಗ್ ಸುಟ್ಟಿತು.

ಈ ಘಟನೆ ಬಂದಾಗ ನಾನು ಸ್ವಲ್ಪ ನಿಲ್ಲಬೇಕು. ಯಾಕಂದ್ರೆ ಇದು ನನ್ನ ವೃತ್ತಿಯ ಕಥೆಯೂ ಹೌದು. 1937ರ ಮೇ 6, ಅಮೆರಿಕದ ನ್ಯೂಜೆರ್ಸಿಯ ಲೇಕ್‌ಹರ್ಸ್ಟ್. ಜರ್ಮನಿಯಿಂದ ಬಂದ ದೈತ್ಯ ಹೈಡ್ರೋಜನ್ ವಾಯುನೌಕೆ ಇಳಿಯೋ ಹೊತ್ತಿಗೆ ಬೆಂಕಿ ಹತ್ತಿ ಅರ್ಧ ನಿಮಿಷದ ಆಸುಪಾಸಿನಲ್ಲಿ ನೆಲಕ್ಕೆ ಬಿತ್ತು. ಸತ್ತವರು 36 ಜನ, ಅದರಲ್ಲಿ ಒಬ್ಬರು ನೆಲದ ಮೇಲಿದ್ದ ಸಿಬ್ಬಂದಿ. ಒಳಗಿದ್ದದ್ದು 97 ಮಂದಿ. ಅವರಲ್ಲಿ 62 ಜನ ಬದುಕುಳಿದರು ಅನ್ನೋದು ಎಷ್ಟು ಜನಕ್ಕೆ ಗೊತ್ತು? ನನಗಂತೂ ಕಾಲೇಜು ಮುಗಿಯೋವರೆಗೂ ಗೊತ್ತಿರಲಿಲ್ಲ. ಎಲ್ಲರಿಗೂ ನೆನಪಿರೋದು ಹರ್ಬರ್ಟ್ ಮಾರಿಸನ್ ಅನ್ನೋ ರೇಡಿಯೋ ವರದಿಗಾರನ ಅಳುವ ದನಿ. ಅದು ನೇರ ಪ್ರಸಾರ ಅಲ್ಲ, ಧ್ವನಿಮುದ್ರಿಸಿ ಮರುದಿನ ಕೇಳಿಸಿದ್ದು. ನ್ಯೂಸ್‌ರೀಲ್ ಚಿತ್ರದ ಜೊತೆ ಆ ದನಿ ಸೇರಿಕೊಂಡು, ಹೈಡ್ರೋಜನ್ ಅಂದ್ರೆ ಬಾಂಬ್ ಅನ್ನೋ ಭಯವನ್ನ ತಲೆಮಾರುಗಳ ಕಾಲ ಉಳಿಸಿತು. ಅಸಲಿಗೆ ಸುಡದ ಹೀಲಿಯಂ ಬಳಸುವ ಆಸೆ ಜರ್ಮನ್ನರಿಗಿತ್ತು. ಹೀಲಿಯಂ ಇದ್ದದ್ದು ಅಮೆರಿಕದ ಕೈಯಲ್ಲಿ, ಅವರು ಕೊಡಲಿಲ್ಲ.

ಅವನು ಹುಟ್ಟಿಸಿದ್ದು ಅತಿಯಾದ ಭಯ, ನಾನು ಹುಟ್ಟಿಸಿದ್ದು ಅತಿಯಾದ ಆಸೆ. ಮೈಕು ಎರಡಕ್ಕೂ ಒಂದೇ. ಒಂದು ವ್ಯತ್ಯಾಸ ಇದೆ: ಅವನು ಕಣ್ಣಾರೆ ಕಂಡಿದ್ದನ್ನ ಹೇಳಿದ.

ಹಾಗಂತ ಭಯ ಪೂರ್ತಿ ಸುಳ್ಳೂ ಅಲ್ಲ. ಹೈಡ್ರೋಜನ್ನಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಹಗಲಲ್ಲಿ ಅದರ ಜ್ವಾಲೆ ಕಣ್ಣಿಗೆ ಕಾಣೋದೇ ಕಷ್ಟ. ಗಾಳಿಯಲ್ಲಿ ಶೇ. 4ರಿಂದ ಶೇ. 75ರವರೆಗೆ ಎಷ್ಟೇ ಬೆರೆತಿದ್ದರೂ ಹೊತ್ತಿಕೊಳ್ಳುತ್ತೆ. ಉಕ್ಕಿನೊಳಗೆ ನುಸುಳಿ ಅದನ್ನ ಪೆಡಸು ಮಾಡುತ್ತೆ. ಒಳ್ಳೆಯ ಗುಣ ಅಂದ್ರೆ ಹಗುರ, ಸೋರಿದ ತಕ್ಷಣ ಮೇಲಕ್ಕೆ ಹಾರಿಹೋಗುತ್ತೆ. ಪೆಟ್ರೋಲಿನ ಹಾಗೆ ನೆಲದ ಮೇಲೆ ಹರಿದು ಉರಿಯಲ್ಲ.

ಫ್ಯುಯೆಲ್ ಸೆಲ್ಲಿಗೆ ಮರುಜೀವ ಕೊಟ್ಟವರು ಇಂಗ್ಲೆಂಡಿನ ಎಂಜಿನಿಯರ್ ಫ್ರಾನ್ಸಿಸ್ ಥಾಮಸ್ ಬೇಕನ್. 1959ರಲ್ಲಿ 5 ಕಿಲೋವ್ಯಾಟ್ ಸೆಲ್ ನಡೆಸಿ ತೋರಿಸಿದರು. ಅದೇ ತಂತ್ರ ಅಪೋಲೊ ನೌಕೆ ಹತ್ತಿ ಚಂದ್ರನವರೆಗೂ ಹೋಯಿತು. ಗಗನಯಾತ್ರಿಗಳಿಗೆ ಕರೆಂಟೂ ಕೊಟ್ಟಿತು, ಕುಡಿಯೋಕೆ ನೀರೂ ಕೊಟ್ಟಿತು. ಚಂದ್ರನಿಗೆ ಹೋಗಿದ್ದು ಮಂಡ್ಯಕ್ಕೆ ಹೋಗಲ್ವಾ ಅನ್ನಿಸೋದು ಸಹಜ. ಜನರಲ್ ಮೋಟಾರ್ಸ್‌ನವರಿಗೂ ಹಾಗೇ ಅನ್ನಿಸಿತು. 1966ರಲ್ಲಿ ಎಲೆಕ್ಟ್ರೋವ್ಯಾನ್ ಅಂತ ಮಾಡಿದರು. ಇಡೀ ವ್ಯಾನಿನ ಒಳಗೆ ಪೈಪು, ಟ್ಯಾಂಕು. ಮೈನಸ್ 253 ಡಿಗ್ರಿಯಲ್ಲಿ ಇಡಬೇಕಾದ ದ್ರವ ಹೈಡ್ರೋಜನ್, ಅದರ ಪಕ್ಕದಲ್ಲೇ ದ್ರವ ಆಮ್ಲಜನಕ. ಅಷ್ಟು ದೊಡ್ಡ ವ್ಯಾನಿನಲ್ಲಿ ಕೂರೋಕೆ ಉಳಿದಿದ್ದು ಇಬ್ಬರಿಗೆ ಮಾತ್ರ ಜಾಗ. ಓಡಿಸಿದ್ದು ಕಂಪನಿಯ ಕಾಂಪೌಂಡಿನ ಒಳಗೆ. ಗಾಡಿ ಓಡಿತು ಸ್ವಾಮಿ, ಅದರಲ್ಲಿ ಅನುಮಾನ ಇಲ್ಲ. ಪ್ಲಾಟಿನಂ ದುಡ್ಡು ಯಾರು ಕೊಡೋದು, ಬೀದಿಯಲ್ಲಿ ಗ್ಯಾಸ್ ಎಲ್ಲಿ ತುಂಬಿಸೋದು? ಅಲ್ಲಿಗೆ ನಿಂತಿತು.

2003ರ ಜನವರಿ 28ಕ್ಕೆ ಬನ್ನಿ. ಅಮೆರಿಕ ಅಧ್ಯಕ್ಷ ಜಾರ್ಜ್ ಬುಷ್ ಸಂಸತ್ತಿನ ಮುಂದೆ 120 ಕೋಟಿ ಡಾಲರ್ ಯೋಜನೆ ಘೋಷಿಸಿ, ಇವತ್ತು ಹುಟ್ಟೋ ಮಗು ಓಡಿಸೋ ಮೊದಲ ಕಾರೇ ಹೈಡ್ರೋಜನ್ ಕಾರಾಗಬಹುದು ಅಂತ ಹೇಳಿದರು. ಮರುವರ್ಷ ಕ್ಯಾಲಿಫೋರ್ನಿಯಾದ ಗವರ್ನರ್, ನಮ್ಮ ಟರ್ಮಿನೇಟರ್ ಅರ್ನಾಲ್ಡ್ ಶ್ವಾರ್ಜ್‌ನೆಗರ್, ಹೈಡ್ರೋಜನ್ ಹೈವೇ ಮಾಡ್ತೀನಿ ಅಂತ ಆದೇಶ ಹೊರಡಿಸಿದರು. ಆ ಮಗುವಿಗೆ ಈಗ ಇಪ್ಪತ್ತು ದಾಟಿದೆ. ಅದು ಓಡಿಸ್ತಿರೋದು ಹೈಡ್ರೋಜನ್ ಕಾರು ಆಗಿರೋ ಸಾಧ್ಯತೆ ತೀರಾ ಕಡಿಮೆ.

ಕಾರು ಬರಲಿಲ್ಲ ಅಂತಲ್ಲ. 2014ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಮಿರಾಯ್ ಮಾರಾಟಕ್ಕೆ ಬಂತು. ಒಳ್ಳೆ ಕಾರು. ಐದು ನಿಮಿಷದೊಳಗೆ ಐದು ಕೆ.ಜಿ. ಗ್ಯಾಸ್ ತುಂಬಿದ್ರೆ ಐನೂರು ಕಿ.ಮೀ. ಆಸುಪಾಸು ಓಡುತ್ತೆ. ತೂಕದ ಲೆಕ್ಕದಲ್ಲಿ ಹೈಡ್ರೋಜನ್ ಪೆಟ್ರೋಲಿಗಿಂತ ಮೂರು ಪಟ್ಟು ಶಕ್ತಿವಂತ. ತೊಂದರೆ ಜಾಗದ್ದು. ಒಂದೇ ಒಂದು ಕೆ.ಜಿ. ಹೈಡ್ರೋಜನ್ ಸುಮ್ಮನೆ ಬಿಟ್ಟರೆ ಹನ್ನೊಂದು ಸಾವಿರ ಲೀಟರಿಗೂ ಹೆಚ್ಚು ಜಾಗ ತುಂಬುತ್ತೆ. ಕಾರಿನೊಳಗೆ ಹಿಡಿಸಬೇಕು ಅಂದ್ರೆ 700 ಬಾರ್ ಒತ್ತಡ ಬೇಕು. ನಿಮ್ಮ ಕಾರಿನ ಟೈರಿನಲ್ಲಿರೋ ಗಾಳಿಯ ಒತ್ತಡದ ಸುಮಾರು ಮುನ್ನೂರು ಪಟ್ಟು. ಅದಕ್ಕೆ ತಕ್ಕ ಪಂಪು, ಪೈಪು, ಲಾರಿ, ಬಂಕು ಎಲ್ಲಾ ಹೊಸದು, ಎಲ್ಲಾ ದುಬಾರಿ.

2019ರ ಜೂನ್ 1ರಂದು ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾದಲ್ಲಿ ಹೈಡ್ರೋಜನ್ ಘಟಕದಲ್ಲಿ ಸ್ಫೋಟ ಆಯ್ತು. ಆ ಭಾಗದ ಬಂಕುಗಳಿಗೆ ಗ್ಯಾಸ್ ಬರೋದೇ ನಿಂತು ಕಾರುಗಳು ಮನೆ ಮುಂದೆ ನಿಂತವು. ಒಂಬತ್ತು ದಿನದಲ್ಲಿ ನಾರ್ವೆಯ ಸಾಂಡ್‌ವಿಕಾದಲ್ಲಿ ಒಂದು ಬಂಕೇ ಸ್ಫೋಟಗೊಂಡಿತು. 2024ರ ಫೆಬ್ರವರಿಯಲ್ಲಿ ಶೆಲ್ ಕಂಪನಿ ಕ್ಯಾಲಿಫೋರ್ನಿಯಾದಲ್ಲಿ ಕಾರುಗಳಿಗಿದ್ದ ತನ್ನ ಹೈಡ್ರೋಜನ್ ಬಂಕುಗಳನ್ನ ಮುಚ್ಚಿತು. ಆ ಹೊತ್ತಿಗೆ ಅಲ್ಲಿ ಕೆ.ಜಿ.ಗೆ 36 ಡಾಲರ್ ಮುಟ್ಟಿತ್ತು. ಟ್ಯಾಂಕ್ ತುಂಬಿಸೋಕೆ ಇನ್ನೂರು ಡಾಲರ್ ಹತ್ತಿರ. ಹಾಲಿವುಡ್ ನಟನ ಹೈವೇ ಕಥೆ ಹೀಗಾಯ್ತು.

ಈ ಇಡೀ ಇತಿಹಾಸದಲ್ಲಿ ಒಂದು ವಿಷಯ ಗಮನಿಸಿ. ಗಾಡಿ ಪ್ರತಿ ಸಲವೂ ಓಡಿದೆ. 1807ರಲ್ಲಿ, 1966ರಲ್ಲಿ, 2014ರಲ್ಲಿ. ಕೈಕೊಟ್ಟಿದ್ದು ಗ್ಯಾಸು. ಬೆಂಗಳೂರಿನವರಿಗೆ ಅರ್ಥ ಆಗೋ ಹಾಗೆ ಹೇಳ್ಬೇಕು ಅಂದ್ರೆ, ಹೈಡ್ರೋಜನ್ ಬೋರ್‌ವೆಲ್ ಅಲ್ಲ, ಟ್ಯಾಂಕರ್. ಟ್ಯಾಂಕರ್ ನೀರನ್ನ ಹುಟ್ಟಿಸಲ್ಲ, ಹೊತ್ತು ತರುತ್ತೆ. ಎಲ್ಲಿಂದ ತರುತ್ತೆ ಅನ್ನೋದೇ ಪ್ರಶ್ನೆ. ಇವತ್ತು ಜಗತ್ತಿನ ಹೈಡ್ರೋಜನ್ನಿನಲ್ಲಿ ಹೆಚ್ಚಿನದು ಬರೋದು ನೈಸರ್ಗಿಕ ಅನಿಲ ಮತ್ತು ಕಲ್ಲಿದ್ದಲಿನಿಂದ. ನೈಸರ್ಗಿಕ ಅನಿಲದಿಂದ ಒಂದು ಕೆ.ಜಿ. ತೆಗೆದರೆ ಒಂಬತ್ತು ಹತ್ತು ಕೆ.ಜಿ. ಇಂಗಾಲದ ಡೈಆಕ್ಸೈಡ್ ಬೀಳುತ್ತೆ. ಹೊಗೆ ಇದೆ, ಕಾರಿನ ಹಿಂದೆ ಇಲ್ಲ ಅಷ್ಟೆ. ಕ್ಯಾಮೆರಾ ಇರೋ ಕಡೆ ನೀರು, ಇಲ್ಲದ ಕಡೆ ಹೊಗೆ.

ಸರಿ, ಕರೆಂಟ್ ಕೊಟ್ಟು ನೀರನ್ನೇ ಒಡೆಯೋಣ. ಒಂದು ಕೆ.ಜಿ. ಹೈಡ್ರೋಜನ್ನಿಗೆ 50ರಿಂದ 55 ಯೂನಿಟ್ ಬೇಕು. ಒತ್ತಿ ತುಂಬೋಕೆ ಇನ್ನಷ್ಟು. ಅದರಲ್ಲಿ ಮಿರಾಯ್ ಓಡೋದು ಸುಮಾರು ನೂರು ಕಿ.ಮೀ. ಅದೇ ಯೂನಿಟ್ಟುಗಳನ್ನ ನೇರವಾಗಿ ಬ್ಯಾಟರಿಗೆ ಹಾಕಿದ್ರೆ ಅಷ್ಟೇ ದೊಡ್ಡ ಕಾರು ಇನ್ನೂರೈವತ್ತು ಕಿ.ಮೀ. ಓಡುತ್ತೆ. ಆ ಕರೆಂಟು ರಾಯಚೂರು, ಬಳ್ಳಾರಿಯ ಕಲ್ಲಿದ್ದಲಿನದಾದರೆ ಲೆಕ್ಕ ಇನ್ನೂ ಕೆಡುತ್ತೆ. ಪಾವಗಡದ ಸೋಲಾರ್ ಪಾರ್ಕಿನಲ್ಲಿ ಮಧ್ಯಾಹ್ನ ಹೊತ್ತಿನಲ್ಲಿ ಬೇಡಿಕೆಗಿಂತ ಹೆಚ್ಚು ಹುಟ್ಟಿದಾಗ ಅದನ್ನ ಹೈಡ್ರೋಜನ್ ಮಾಡಿ ಇಡೋಣ ಅನ್ನೋದು ಒಳ್ಳೆ ವಾದ, ಒಪ್ತೀನಿ. ಆದ್ರೆ ಹಾಗೆ ಬಂದ ಹೈಡ್ರೋಜನ್ನನ್ನ ಮೊದಲು ಕೇಳೋರು ಕಾರಿನವರಲ್ಲ. ಗೊಬ್ಬರದ ಕಾರ್ಖಾನೆ, ರಿಫೈನರಿ, ಉಕ್ಕಿನ ಕಾರ್ಖಾನೆ. ಅವರಿಗೆ ಬ್ಯಾಟರಿಯ ದಾರಿಯೇ ಇಲ್ಲ. 2023ರ ಜನವರಿಯಲ್ಲಿ ಕೇಂದ್ರ ಒಪ್ಪಿದ 19,744 ಕೋಟಿ ರೂಪಾಯಿಯ ಹಸಿರು ಹೈಡ್ರೋಜನ್ ಮಿಷನ್ನಿನ ಗುರಿ 2030ಕ್ಕೆ ವರ್ಷಕ್ಕೆ 50 ಲಕ್ಷ ಟನ್. ನನ್ನನ್ನ ಕೇಳಿದ್ರೆ ಅದರ ನಿಜವಾದ ಕೆಲಸ ಅಲ್ಲಿದೆ. ಉದ್ದದ ದಾರಿಯ ಲಾರಿಗಳಿಗೆ ಆಗಬಹುದೇನೋ, ನೋಡೋಣ. ಇಸ್ರೋ ಕೂಡ ದ್ರವ ಹೈಡ್ರೋಜನ್ ಸುಟ್ಟೇ 2014ರ ಜನವರಿ 5ರಂದು ಸ್ವದೇಶಿ ಕ್ರಯೋಜೆನಿಕ್ ಎಂಜಿನ್ನಿನ ಜಿಎಸ್‌ಎಲ್‌ವಿ ಹಾರಿಸಿ ಗೆದ್ದಿತು. ರಾಕೆಟ್ಟಿನಲ್ಲಿ ತೂಕ ಮುಖ್ಯ, ಕೆ.ಜಿ.ಗೆ ಎಷ್ಟು ಅಂತ ಯಾರೂ ಚೌಕಾಸಿ ಮಾಡಲ್ಲ. ಟ್ಯಾಕ್ಸಿಯಲ್ಲಿ ಮಾಡ್ತಾರೆ.

ಆ ಚಾಲಕರು 2023ರ ಕೊನೆಯಲ್ಲಿ ಮತ್ತೆ ಫೋನ್ ಮಾಡಿದ್ರು. ಸಿಟ್ಟಿರಲಿಲ್ಲ. ‘ಸಾರ್, ದಿನಾ ಬಿಡದಿ ಮುಂದೇನೇ ಹೋಗ್ತೀನಿ. ಆ ಟೊಯೋಟಾ ಫ್ಯಾಕ್ಟರಿಯವರೇ ಅಲ್ವಾ ಆ ಗಾಡಿ ತಂದಿದ್ದು? ಯಾವಾಗ ಬಿಡ್ತಾರೆ?’ ಅಂತ ಕೇಳಿದ್ರು. ಹೌದು, ಮಿರಾಯ್ ಪ್ರಯೋಗಕ್ಕೆ ತಂದಿದ್ದು ಬಿಡದಿಯ ಟೊಯೋಟಾ ಕಿರ್ಲೋಸ್ಕರ್‌ನವರೇ. ಪ್ರಯೋಗ ಅನ್ನೋ ಪದವನ್ನ ಅವತ್ತು ನಮ್ಮ ಪರದೆ ಮೇಲೆ ನಾವು ಹಾಕಿರಲಿಲ್ಲ. ಈ ಸಲ ನಾನು ಮೇಲೆ ಬರೆದ ಲೆಕ್ಕವನ್ನೆಲ್ಲಾ ಹೇಳಿದೆ, ಬೂದಿ ಕಥೆಯನ್ನೂ ಹೇಳಿದೆ. ‘ತಪ್ಪಾಯ್ತಣ್ಣ, ಅವತ್ತು ನಾನೇ ಸರಿಯಾಗಿ ಹೇಳಬೇಕಿತ್ತು’ ಅಂದೆ. ಅವರು ನಕ್ಕು, ‘ಬಿಡಿ ಸಾರ್, ನೀವೂ ಕೆಲಸ ಮಾಡ್ಬೇಕಲ್ಲ’ ಅಂದ್ರು. ಮುಂದಿನ ತಿಂಗಳು ಸಿಎನ್‌ಜಿ ಗಾಡಿ ತಗೊಂಡ ಫೋಟೋ ಕಳಿಸಿದರು, ಹಾರ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು. ಕಾದಿದ್ದ ಸುಮಾರು ಒಂದೂಮುಕ್ಕಾಲು ವರ್ಷದಲ್ಲಿ ಹಳೇ ಗಾಡಿ ರಿಪೇರಿಗೆ ಎಷ್ಟು ಸುರಿದರು ಅಂತ ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ.