ತೊಗರಿ ಪೇಟೆಯ ಪರದೆ: ಅಂತರ್ಗತ ಗ್ರಾಫಿಕ್ಸ್ ಚಿಪ್‌ಗಳು ಮತ್ತು ಕನ್ನಡದ ಗಣಕ ಚರಿತ್ರೆ

ಕಲಬುರಗಿಯ ನೆಹರು ಗಂಜ್ ಕಾಳುಕಡಿಯ ಪೇಟೆ. ಕಮಲಾಪುರ, ಆಳಂದ, ಚಿತ್ತಾಪುರ, ಸೇಡಂ, ಜೇವರ್ಗಿ ಮೊದಲಾದ ಕಡೆಗಳಿಂದ ಬರುವ ತೊಗರಿಯು ಇಲ್ಲಿಯ ಕೃಷಿ ಉತ್ಪನ್ನ ಮಾರುಕಟ್ಟೆಯ ಅಂಗಳದಲ್ಲಿ ರಾಶಿಯಾಗಿ, ಅಡತ್ ಅಂಗಡಿಗಳ ಮೂಲಕ ಖರೀದಿದಾರರಿಗೂ ದಾಲ್ ಮಿಲ್‌ಗಳಿಗೂ ಸೇರುತ್ತದೆ. 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಕಲಬುರಗಿ ತೊಗರಿ ಬೇಳೆಯ ವ್ಯಾಪಾರಕ್ಕೆ ಈ ಗಂಜ್ ದೊಡ್ಡ ಆಸರೆ. 2014ರಲ್ಲಿ ಕರ್ನಾಟಕ ಸರ್ಕಾರವು ಏಕೀಕೃತ ಮಾರುಕಟ್ಟೆ ವೇದಿಕೆಯನ್ನು ಆರಂಭಿಸಿ, ಅದರ ನಿರ್ವಹಣೆಗೆ ರಾಷ್ಟ್ರೀಯ ಇ-ಮಾರ್ಕೆಟ್ ಸರ್ವೀಸಸ್ ಎಂಬ ಜಂಟಿ ಕಂಪನಿಯನ್ನು ಸ್ಥಾಪಿಸಿದ ಮೇಲೆ, ಚೀಟಿಯಲ್ಲಿ ಬರೆದುಕೊಡುತ್ತಿದ್ದ ಟೆಂಡರು ರಾಜ್ಯದ ಮಾರುಕಟ್ಟೆಗಳಲ್ಲಿ ಒಂದೊಂದಾಗಿ ಕಂಪ್ಯೂಟರಿನ ಪರದೆಗೆ ಬಂದಿತು. ರೈತನ ಮಾಲಿಗೆ ಲಾಟ್ ಸಂಖ್ಯೆ ಬೀಳುತ್ತದೆ, ಖರೀದಿದಾರನು ಆ ಸಂಖ್ಯೆಯ ಎದುರು ಕ್ವಿಂಟಲಿಗೆ ಇಷ್ಟು ಎಂದು ದರ ದಾಖಲಿಸುತ್ತಾನೆ, ನಿಗದಿತ ಹೊತ್ತಿಗೆ ಹೆಚ್ಚಿನ ದರ ಘೋಷಣೆಯಾಗುತ್ತದೆ. ಇಷ್ಟು ಕೆಲಸಕ್ಕೆ ಪರದೆಯ ಮೇಲೆ ಬೇಕಾದದ್ದು ಅಂಕಿಗಳು, ಕೆಲವು ಗೆರೆಗಳು ಮತ್ತು ಓದಲು ಬರುವಂತಹ ಕನ್ನಡ ಅಕ್ಷರಗಳು ಮಾತ್ರ. ಕಂಪ್ಯೂಟರ್ ಗ್ರಾಫಿಕ್ಸ್ ಯಂತ್ರಾಂಶದ ಚರಿತ್ರೆಯನ್ನು ಸಾಮಾನ್ಯವಾಗಿ ಅತಿ ವೇಗದ, ಅತಿ ದುಬಾರಿಯಾದ ಕಾರ್ಡುಗಳ ಕಡೆಯಿಂದ ಹೇಳಲಾಗುತ್ತದೆ. ಆದರೆ ಗಂಜಿನಂತಹ ಪೇಟೆಗೂ ಕನ್ನಡದಂತಹ ಲಿಪಿಗೂ ನಿರ್ಣಾಯಕವಾದದ್ದು ಆ ಚರಿತ್ರೆಯ ಇನ್ನೊಂದು ತುದಿ, ಅಂದರೆ ಪ್ರತ್ಯೇಕ ಬೆಲೆಯಿಲ್ಲದೆ ಕಂಪ್ಯೂಟರಿನೊಳಗೇ ಸೇರಿಕೊಂಡು ಬಂದ ಅಂತರ್ಗತ ಗ್ರಾಫಿಕ್ಸ್ ಚಿಪ್.

ಪರದೆಯ ಮೇಲಿನ ಚಿತ್ರವು ಚುಕ್ಕೆಗಳ ಸಾಲು. ಯಾವ ಚುಕ್ಕೆಗೆ ಯಾವ ಬಣ್ಣ ಎಂಬ ವಿವರವನ್ನು ಹಿಡಿದಿಡುವ ಸ್ಮೃತಿಯ ಭಾಗವನ್ನು ಫ್ರೇಮ್ ಬಫರ್ ಎನ್ನುತ್ತಾರೆ. ಅದನ್ನು ಸೆಕೆಂಡಿಗೆ ಹಲವು ಹತ್ತು ಬಾರಿ ಓದಿ ಮಾನಿಟರಿಗೆ ಕಳಿಸುವುದು ಗ್ರಾಫಿಕ್ಸ್ ಚಿಪ್ಪಿನ ಮೂಲ ಕೆಲಸ. 1981ರಲ್ಲಿ ಐಬಿಎಂ ಕಂಪನಿಯು ತನ್ನ ಪರ್ಸನಲ್ ಕಂಪ್ಯೂಟರನ್ನು ಬಿಡುಗಡೆ ಮಾಡಿದಾಗ ಅದರೊಡನೆ ಬಂದ ಏಕವರ್ಣದ ಕಾರ್ಡಿನಲ್ಲಿ ಚುಕ್ಕೆಗಳನ್ನು ಬೇಕಾದಂತೆ ಬರೆಯುವ ಅವಕಾಶವೇ ಇರಲಿಲ್ಲ. ಪರದೆಯನ್ನು 80 ಅಕ್ಷರಗಳ 25 ಸಾಲುಗಳಾಗಿ ಹಂಚಿ, ಪ್ರತಿ ಮನೆಯಲ್ಲಿಯೂ ಕಾರ್ಖಾನೆಯಲ್ಲೇ ಅಚ್ಚೊತ್ತಿದ 256 ಆಕೃತಿಗಳಲ್ಲಿ ಒಂದನ್ನು ಕೂರಿಸುವುದಷ್ಟೇ ಅದಕ್ಕೆ ಗೊತ್ತಿತ್ತು. ಆ ಕಾಲದಲ್ಲಿ ಸ್ಮೃತಿಯ ಬೆಲೆ ಹೆಚ್ಚಾಗಿದ್ದುದರಿಂದ ಇದು ಜಾಣತನದ ಉಳಿತಾಯವೇ ಆಗಿತ್ತು. 2000 ಮನೆಗಳಿಗೆ ತಲಾ 2 ಬೈಟ್‌ಗಳಂತೆ 4000 ಬೈಟ್ ಸಾಕಾಗುತ್ತಿತ್ತು. ಆದರೆ ಈ ಉಳಿತಾಯವು ಇಂಗ್ಲಿಷಿನ ಅಳತೆಗೆ ಹೊಲಿದದ್ದಾಗಿದ್ದು, ಅಚ್ಚೊತ್ತಿದ ಆ 256 ಆಕೃತಿಗಳಲ್ಲಿ ಕನ್ನಡದ ಒಂದು ಅಕ್ಷರವೂ ಇರಲಿಲ್ಲ.

ಈ ಗೋಡೆಯನ್ನು ಮೊದಲು ಒಡೆದವರಲ್ಲಿ ಒಬ್ಬರು ರೋಮನ್ ಅಲ್ಲದ ಲಿಪಿಯೊಂದರ ಮನುಷ್ಯ ಎಂಬುದು ಈ ಚರಿತ್ರೆಯ ಅತ್ಯಂತ ಅರ್ಥಪೂರ್ಣ ಸಂಗತಿ. ಅಮೆರಿಕದಲ್ಲಿದ್ದ ಥಾಯ್ ಮೂಲದ ವ್ಯಾನ್ ಸುವನ್ನುಕುಲ್ ತಮ್ಮ ಮಹಾಪ್ರಬಂಧದ ಕೆಲಸವನ್ನು ಐಬಿಎಂ ಯಂತ್ರದಲ್ಲಿ ಥಾಯ್ ಅಕ್ಷರಗಳಲ್ಲಿ ಮಾಡುವ ಉದ್ದೇಶದಿಂದ ರೂಪಿಸಿದ ಕಾರ್ಡು 1982ರಲ್ಲಿ ಹರ್ಕ್ಯುಲಸ್ ಎಂಬ ಹೆಸರಿನಿಂದ ಮಾರುಕಟ್ಟೆಗೆ ಬಂದಿತು. ಅಡ್ಡಕ್ಕೆ 720, ಉದ್ದಕ್ಕೆ 348 ಚುಕ್ಕೆಗಳ ಪರದೆಯಲ್ಲಿ ಪ್ರತಿ ಚುಕ್ಕೆಯನ್ನೂ ಪ್ರತ್ಯೇಕವಾಗಿ ಬೆಳಗಿಸುವ ಸ್ವಾತಂತ್ರ್ಯವನ್ನು ಅದು ಕೊಟ್ಟಿತಲ್ಲದೆ, ಐಬಿಎಂನ ಏಕವರ್ಣದ ಮಾನಿಟರನ್ನೇ ಬಳಸಿಕೊಂಡದ್ದರಿಂದ ಕಚೇರಿಗಳಲ್ಲಿ ಬೇಗ ನೆಲೆಯೂರಿತು. ಮೂಲ ತಯಾರಕನ ಕಾರ್ಡಿಗಿಂತ ಹೊರಗಿನವನ ಕಾರ್ಡು ಉತ್ತಮವಾಗಿರಬಹುದು ಎಂಬುದನ್ನು ತೋರಿಸಿ, ಗ್ರಾಫಿಕ್ಸ್ ತಯಾರಕರ ಪೈಪೋಟಿಗೆ ದಾರಿ ತೆರೆದ ಕಾರ್ಡುಗಳಲ್ಲಿ ಇದಕ್ಕೆ ಮುಖ್ಯ ಸ್ಥಾನವಿದೆ.

ಕನ್ನಡಕ್ಕೆ ಚುಕ್ಕೆಗಳ ಸ್ವಾತಂತ್ರ್ಯ ಏಕೆ ಬೇಕು ಎಂಬುದನ್ನು ಗಂಜಿನಲ್ಲಿ ದಿನವೂ ಬಳಕೆಯಾಗುವ ‘ಕ್ವಿಂಟಲ್’ ಎಂಬ ಪದದಲ್ಲಿಯೇ ನೋಡಬಹುದು. ಕಂಪ್ಯೂಟರಿನೊಳಗೆ ಇದು ಉಚ್ಚಾರಣೆಯ ಕ್ರಮದಲ್ಲಿ ಕ, ವಿರಾಮ, ವ, ಇಕಾರ, ಅನುಸ್ವಾರ, ಟ, ಲ, ವಿರಾಮ ಎಂಬ ಎಂಟು ಸಂಕೇತಗಳಾಗಿ ಇರುತ್ತದೆ. ಪರದೆಯ ಮೇಲೆ ಮಾತ್ರ ವಕಾರವು ಒತ್ತಾಗಿ ಕಕಾರದ ಅಡಿಗೆ ಇಳಿಯಬೇಕು. ವಕಾರದ ಆಚೆ ಇದ್ದ ಇಕಾರವು ಹಿಂದಕ್ಕೆ ಬಂದು ಕಕಾರದ ತಲೆಕಟ್ಟಿನ ಜಾಗದಲ್ಲಿ ಬೆಸೆದುಕೊಳ್ಳಬೇಕು. ಕೊನೆಯ ವಿರಾಮವು ಲಕಾರದ ರೂಪವನ್ನೇ ಬದಲಿಸಬೇಕು. ಒಂದು ಸಂಕೇತಕ್ಕೆ ಒಂದು ಮನೆ ಎಂಬ 80 ಮನೆಗಳ ಸಾಲಿನಲ್ಲಿ ಇದು ಸಾಧ್ಯವಿಲ್ಲ. ಅಕ್ಷರಗಳನ್ನು ಜೋಡಿಸುವ ನಿಯಮವೂ ಅದನ್ನು ಚುಕ್ಕೆಗಳಾಗಿ ಬರೆಯುವ ಜಾಗವೂ ಎರಡೂ ಬೇಕು.

ಭಾರತದಲ್ಲಿ ಇದಕ್ಕೆ ಸಿಕ್ಕ ಮೊದಲ ವ್ಯಾಪಕ ಉತ್ತರವು ಯಂತ್ರಾಂಶದ ರೂಪದಲ್ಲಿಯೇ ಬಂದಿತು. ಕಾನ್ಪುರದ ಐಐಟಿಯಲ್ಲಿ ಆರ್.ಎಂ.ಕೆ. ಸಿನ್ಹಾ, ಮೋಹನ್ ತಾಂಬೆ ಮೊದಲಾದವರು 1980ರ ದಶಕದಲ್ಲಿ ನಡೆಸಿದ ಕೆಲಸದಿಂದ ಹುಟ್ಟಿ, ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ಬೆಳೆದ ಜಿಸ್ಟ್ ಕಾರ್ಡನ್ನು ಕಂಪ್ಯೂಟರಿನ ಖಾಲಿ ಸ್ಲಾಟಿಗೆ ಸಿಕ್ಕಿಸಿದರೆ, ಇಂಗ್ಲಿಷಿಗೆಂದು ಬರೆದ ಡಾಸ್ ತಂತ್ರಾಂಶಗಳೂ ಭಾರತೀಯ ಲಿಪಿಗಳನ್ನು ತೋರಿಸುತ್ತಿದ್ದವು. ತಂತ್ರಾಂಶವು ತಾನು ಮಾಮೂಲು ಅಕ್ಷರಗಳನ್ನೇ ಕಳಿಸುತ್ತಿರುವುದಾಗಿ ತಿಳಿದಿರುತ್ತಿತ್ತು. ಕಾರ್ಡು ಅವುಗಳನ್ನು ನಡುದಾರಿಯಲ್ಲಿ ಹಿಡಿದು, ಒತ್ತು ಮತ್ತು ಗುಣಿತಗಳನ್ನು ಕೂಡಿಸಿ ಬರೆಯುತ್ತಿತ್ತು. ಇದರೊಡನೆ ರೂಪುಗೊಂಡ ಇಸ್ಕಿ ಎಂಬ ಸಂಕೇತ ವ್ಯವಸ್ಥೆಯು 1991ರಲ್ಲಿ ಭಾರತೀಯ ಮಾನಕವಾಯಿತು. ಜಿಸ್ಟ್ ಒಂದು ದೊಡ್ಡ ಸಾಧನೆ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಇಂಗ್ಲಿಷಿನಲ್ಲಿ ಬರೆಯುವವನು ಕಂಪ್ಯೂಟರಿಗೆ ಮಾತ್ರ ಹಣ ಕೊಟ್ಟರೆ ಸಾಕಾಗಿದ್ದಾಗ, ಕನ್ನಡದಲ್ಲಿ ಬರೆಯುವವನು ಅದರ ಮೇಲೆ ಕಾರ್ಡಿಗೂ ಹಣ ಕೊಡಬೇಕಾಗಿತ್ತು. ಸರ್ಕಾರಿ ಇಲಾಖೆಗಳಿಗೆ ಅದು ಎಟುಕುವ ವಸ್ತು. ಅಡತ್ ಅಂಗಡಿಯ ಗುಮಾಸ್ತನ ಮೇಜಿಗೆ ಅಲ್ಲ.

ಈ ಸ್ಥಿತಿಯನ್ನು ಬದಲಿಸಿದ್ದು ಲಿಪಿಯ ಬಗ್ಗೆ ಯಾವ ಚಿಂತೆಯೂ ಇಲ್ಲದ ತಯಾರಕರ ನಡುವಿನ ಪೈಪೋಟಿ. 1987ರಲ್ಲಿ ಐಬಿಎಂ ತಂದ ವಿಜಿಎ ಎಂಬ ವ್ಯವಸ್ಥೆಯು 640 ಚುಕ್ಕೆಗಳ 480 ಸಾಲುಗಳನ್ನು 16 ಬಣ್ಣಗಳಲ್ಲಿ ತೋರಿಸುತ್ತಿದ್ದು, ಸೆಂಗ್ ಲ್ಯಾಬ್ಸ್, ಸಿರಸ್ ಲಾಜಿಕ್, ಟ್ರೈಡೆಂಟ್, ಎಸ್3, ಎಟಿಐ ಮೊದಲಾದ ಕಂಪನಿಗಳು ಅದಕ್ಕೆ ಹೊಂದುವ ಚಿಪ್‌ಗಳನ್ನು ಇನ್ನಷ್ಟು ಕಡಿಮೆ ಬೆಲೆಗೆ, ಇನ್ನಷ್ಟು ವೇಗವಾಗಿ ಮಾಡತೊಡಗಿದವು. ಹೀಗೆ ಎಲ್ಲ ಕಂಪ್ಯೂಟರುಗಳಲ್ಲಿಯೂ ಚುಕ್ಕೆ ಬರೆಯುವ ಜಾಗ ಸಿದ್ಧವಾಗಿ, ವಿಂಡೋಸ್ ಹರಡಿದ ಮೇಲೆ, ಅಕ್ಷರ ಜೋಡಿಸುವ ಕೆಲಸವು ಕಾರ್ಡಿನಿಂದ ತಂತ್ರಾಂಶಕ್ಕೆ ದಾಟಿತು. ಕೆ.ಪಿ. ರಾವ್ ಅವರ ಸೇಡಿಯಾಪು, 1998ರ ಬರಹ, ಅನಂತರ ಕನ್ನಡ ಗಣಕ ಪರಿಷತ್ತಿನ ನುಡಿ ಇವು ಯಾವ ವಿಶೇಷ ಕಾರ್ಡನ್ನೂ ಕೇಳಲಿಲ್ಲ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಎಂಬ ಕನ್ನಡ ಅಕ್ಷರಶೈಲಿಯೇ ಕಾರ್ಯವ್ಯವಸ್ಥೆಯ ಭಾಗವಾಗಿ ಬಂದಿತು. ಕನ್ನಡ ಗಣಕ ಚರಿತ್ರೆಯನ್ನು ಬರೆಯುವವರು ಈ ತಂತ್ರಾಂಶಗಳಿಗೆ ನ್ಯಾಯವಾಗಿಯೇ ಗೌರವ ಸಲ್ಲಿಸುತ್ತಾರೆ, ಆದರೆ ಅವುಗಳ ಕೆಳಗಿದ್ದ ಅಗ್ಗದ ಚಿಪ್ಪನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿರುವುದು ಒಂದು ದೊಡ್ಡ ಕೊರತೆ.

ಮೂರು ಆಯಾಮದ ಆಟಗಳ ಪೈಪೋಟಿಯು ಇದೇ ಹೊತ್ತಿಗೆ ಬೇರೆ ದಾರಿ ಹಿಡಿದಿತ್ತು. 1996ರಲ್ಲಿ ವೂಡೂ ಕಾರ್ಡಿನಿಂದ ಹೆಸರು ಮಾಡಿದ 3ಡಿಎಫ್ಎಕ್ಸ್ ಕಂಪನಿಯು ನಾಲ್ಕೇ ವರ್ಷಗಳಲ್ಲಿ ಸೋತು, 2000ದ ಡಿಸೆಂಬರಿನಲ್ಲಿ ತನ್ನ ಮುಖ್ಯ ಆಸ್ತಿಯನ್ನು ಎನ್ವಿಡಿಯಾಕ್ಕೆ ಮಾರಲು ಒಪ್ಪಿತು. ಇಂಟೆಲ್ ಕೂಡ ಈ ಕಣಕ್ಕೆ ಇಳಿದು, 1998ರ ಆರಂಭದಲ್ಲಿ ರಿಯಲ್3ಡಿ ಕಂಪನಿಯ ಜೊತೆಗೂಡಿ ಮಾಡಿದ ಐ740 ಎಂಬ ಚಿಪ್ಪನ್ನು ಹೊರತಂದಿತು. ಚಿತ್ರದ ಮೇಲ್ಮೈ ವಿವರಗಳನ್ನು ಕಾರ್ಡಿನ ಸ್ವಂತ ಸ್ಮೃತಿಯಲ್ಲಿ ಇಡದೆ ಕಂಪ್ಯೂಟರಿನ ಮುಖ್ಯ ಸ್ಮೃತಿಯಿಂದಲೇ ತರಿಸಿಕೊಳ್ಳುವುದು ಅದರ ವಿನ್ಯಾಸದ ಮುಖ್ಯ ಲಕ್ಷಣವಾಗಿತ್ತು. ಪ್ರತ್ಯೇಕ ಕಾರ್ಡಾಗಿ ಅದು ಎದುರಾಳಿಗಳಿಗಿಂತ ಹಿಂದೆ ಬಿದ್ದು, 1999ರಲ್ಲಿ ಇಂಟೆಲ್ ಅದನ್ನು ಕೈಬಿಟ್ಟಿತು.

ಸೋತ ಆ ವಿಚಾರವೇ ಅದೇ ವರ್ಷದ ಏಪ್ರಿಲ್‌ನಲ್ಲಿ ಬಂದ ಇಂಟೆಲ್ 810 ಚಿಪ್‌ಸೆಟ್‌ನಲ್ಲಿ ಗೆದ್ದಿತು. ಚಿಪ್‌ಸೆಟ್ ಎಂದರೆ ಪ್ರೊಸೆಸರ್, ಸ್ಮೃತಿ ಮತ್ತು ಉಳಿದ ಭಾಗಗಳ ನಡುವೆ ಸಂಪರ್ಕ ಕಲ್ಪಿಸುವ, ಮದರ್‌ಬೋರ್ಡಿನ ಮೇಲಿನ ಚಿಪ್‌ಗಳ ಗುಂಪು. ಗ್ರಾಫಿಕ್ಸ್ ಭಾಗವನ್ನು ಅದರೊಳಗೇ ಸೇರಿಸಿ, ಫ್ರೇಮ್ ಬಫರಿಗೂ ಮುಖ್ಯ ಸ್ಮೃತಿಯನ್ನೇ ಹಂಚಿಕೊಟ್ಟರೆ ಪ್ರತ್ಯೇಕ ಕಾರ್ಡಿನ ಖರ್ಚೂ ಅದರ ಸ್ಮೃತಿಯ ಖರ್ಚೂ ಉಳಿಯುತ್ತವೆ. ಎಸ್‌ಐಎಸ್ ಕಂಪನಿಯೂ, 1997ರ ಮೀಡಿಯಾಜಿಎಕ್ಸ್ ಮೂಲಕ ಸೈರಿಕ್ಸ್ ಕಂಪನಿಯೂ ಇಂತಹ ದಾರಿಯನ್ನು ಮೊದಲೇ ತುಳಿದಿದ್ದವು. ಆದರೆ ಪ್ರೊಸೆಸರ್ ಮಾರುಕಟ್ಟೆಯ ಒಡೆಯನೇ ಇದಕ್ಕೆ ಕೈಹಾಕಿದಾಗ ಪರಿಣಾಮ ಬೇರೆಯಾಯಿತು. ಇದರಲ್ಲಿ ನಷ್ಟವಿಲ್ಲದೆ ಇರಲಿಲ್ಲ. 1024 ಚುಕ್ಕೆಗಳ 768 ಸಾಲುಗಳಿಗೆ, ಪ್ರತಿ ಚುಕ್ಕೆಗೆ 2 ಬೈಟ್‌ನಂತೆ ಸುಮಾರು 15.7 ಲಕ್ಷ ಬೈಟ್ ಆಗುತ್ತದೆ. ಸೆಕೆಂಡಿಗೆ 75 ಬಾರಿ ಪರದೆ ಬೆಳಗಬೇಕಾದರೆ ಸುಮಾರು 11.8 ಕೋಟಿ ಬೈಟ್ ಓದಬೇಕು. ಆಗಿನ 100 ಮೆಗಾಹರ್ಟ್ಸ್ ಸ್ಮೃತಿಯು ಗರಿಷ್ಠ ಕೊಡಬಲ್ಲದ್ದು ಸೆಕೆಂಡಿಗೆ 80 ಕೋಟಿ ಬೈಟ್. ಒಂದೇ ಕಣಜದಿಂದ ಎರಡು ಮನೆಯವರು ಕಾಳು ತೆಗೆದಂತೆ, ಏನೂ ಕೆಲಸ ಮಾಡದ ನಿಶ್ಚಲ ಪರದೆಯೇ ಸುಮಾರು ಏಳನೆಯ ಒಂದು ಪಾಲನ್ನು ಬಳಸಿಕೊಳ್ಳುತ್ತಿತ್ತು. ಆಟವಾಡುವವರು ಇದನ್ನು ಹಳಿದದ್ದು ಸರಿಯೇ. ಖಾತೆ ಬರೆಯುವವನಿಗೆ, ರೈತನಿಗೆ ಪಟ್ಟಿ ಮುದ್ರಿಸಿ ಕೊಡುವವನಿಗೆ ಆ ಪಾಲು ಹೋದದ್ದು ಗೊತ್ತಾಗುವಂತಿರಲಿಲ್ಲ. ಕಾರ್ಡಿನ ಖರ್ಚು ಉಳಿದದ್ದು ಗೊತ್ತಾಗುತ್ತಿತ್ತು.

ಕರ್ನಾಟಕದ ಹಳ್ಳಿಗಾಡಿಗೆ ಕಂಪ್ಯೂಟರ್ ಕಾಲಿಟ್ಟದ್ದೂ ಇದೇ ವರ್ಷಗಳಲ್ಲಿ. 2000–01ರ ಸುಮಾರಿಗೆ ಭೂಮಿ ಯೋಜನೆಯು ರಾಜ್ಯದ 177 ತಾಲ್ಲೂಕುಗಳಲ್ಲಿ ಸುಮಾರು 2 ಕೋಟಿ ಪಹಣಿಗಳನ್ನು ಕೈಬರಹದಿಂದ ಕಂಪ್ಯೂಟರಿಗೆ ತಂದು, 15 ರೂಪಾಯಿಗೆ ಮುದ್ರಿತ ಪ್ರತಿ ಕೊಡತೊಡಗಿತು. ಅದರ ಕೇಂದ್ರಗಳಲ್ಲಿ ಎರಡನೆಯ ಪರದೆಯೊಂದನ್ನು ರೈತನ ಕಡೆಗೆ ತಿರುಗಿಸಿ ಇಡುವ ಏರ್ಪಾಡಿತ್ತು. ಸಿಬ್ಬಂದಿ ಬೆರಳಚ್ಚಿಸುವ ಸರ್ವೆ ನಂಬರು, ಹಿಡುವಳಿದಾರನ ಹೆಸರು, ಸಾಲದ ನಮೂದು ಎಲ್ಲವೂ ಅರ್ಜಿದಾರನ ಕಣ್ಣೆದುರಿಗೆ ಕನ್ನಡದಲ್ಲಿಯೇ ಮೂಡುತ್ತಿದ್ದವು. ಶಾನುಭೋಗರ, ಗ್ರಾಮ ಲೆಕ್ಕಿಗರ ದಫ್ತರವನ್ನು ತಲೆಮಾರುಗಳಿಂದ ದೂರದಿಂದಲೇ ನೋಡಿದ್ದ ರೈತನಿಗೆ ಆ ಎರಡನೆಯ ಪರದೆಯು ಕೊಟ್ಟ ಹಕ್ಕು, ಆ ದಶಕದ ಯಾವ ವೇಗದ ಕಾರ್ಡಿನ ಸಾಧನೆಗಿಂತಲೂ ಹಿರಿದು.

ಬೆಂಗಳೂರಿನಲ್ಲಿ ಇದೇ ಕಾಲಕ್ಕೆ ಇನ್ನೊಂದು ಪ್ರಯೋಗ ನಡೆದಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ವಿ. ವಿನಯ್, ರಮೇಶ್ ಹರಿಹರನ್ ಮತ್ತು ಎನ್‌ಕೋರ್ ಕಂಪನಿಯ ತಂತ್ರಜ್ಞರು ರೂಪಿಸಿದ ಸಿಂಪ್ಯೂಟರ್ ಎಂಬ ಕೈಗಣಕದಲ್ಲಿ ಸ್ಟ್ರಾಂಗ್‌ಆರ್ಮ್ ಪ್ರೊಸೆಸರ್ ಇತ್ತು. ಪರದೆಯನ್ನು ನಡೆಸುವ ನಿಯಂತ್ರಕವು ಆ ಚಿಪ್ಪಿನೊಳಗೇ ಇದ್ದು, ಫ್ರೇಮ್ ಬಫರಿಗೆ ಮುಖ್ಯ ಸ್ಮೃತಿಯನ್ನೇ ಬಳಸುತ್ತಿತ್ತು. ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳನ್ನು ಬಡವನ ಕೈಗೆ ಎಟುಕುವ ಬೆಲೆಯಲ್ಲಿ ತೋರಿಸುವುದು ಅದರ ಗುರಿಯಾಗಿತ್ತು. 2004ರಲ್ಲಿ ಅಮಿಡಾ ಎಂಬ ಹೆಸರಿನಿಂದ ಮಾರುಕಟ್ಟೆಗೆ ಬಂದರೂ ಅದು ಹರಡಲಿಲ್ಲ. ಆದರೂ ಪ್ರೊಸೆಸರ್, ಪರದೆ ನಿಯಂತ್ರಕ, ಸ್ಥಳೀಯ ಲಿಪಿ ಮೂರನ್ನೂ ಒಂದೇ ಅಗ್ಗದ ಸಾಧನದಲ್ಲಿ ಕೂಡಿಸುವ ಅದರ ಆಲೋಚನೆ ಸರಿಯಾಗಿತ್ತು.

ದೊಡ್ಡ ಕಂಪ್ಯೂಟರುಗಳೂ ಕ್ರಮೇಣ ಅದೇ ದಾರಿಗೆ ಬಂದವು. 2006ರಲ್ಲಿ ಎಎಂಡಿಯು ಎಟಿಐ ಕಂಪನಿಯನ್ನು ಕೊಂಡುಕೊಂಡದ್ದು ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಎರಡನ್ನೂ ಒಂದೇ ಸಿಲಿಕಾನ್ ತುಣುಕಿನಲ್ಲಿ ಬೆಸೆಯುವ ಉದ್ದೇಶದಿಂದ. 2011ರಲ್ಲಿ ಎಎಂಡಿಯ ಫ್ಯೂಷನ್ ಸಾಲಿನ ಚಿಪ್‌ಗಳೂ ಇಂಟೆಲ್‌ನ ಸ್ಯಾಂಡಿ ಬ್ರಿಡ್ಜ್ ಕೂಡ ಅದನ್ನು ಸಾಧಿಸಿದವು. ಇಂಟೆಲ್ ಪ್ರೊಸೆಸರುಗಳಿಗೆ ಚಿಪ್‌ಸೆಟ್ ಮಾಡುತ್ತಿದ್ದ ಎನ್ವಿಡಿಯಾಕ್ಕೆ ಇದರಿಂದ ಬಾಗಿಲು ಮುಚ್ಚಿದಂತಾಗಿ, ಪರವಾನಗಿಯ ಬಗ್ಗೆ 2009ರಲ್ಲಿ ಎದ್ದ ಮೊಕದ್ದಮೆಯು 2011ರ ಜನವರಿಯಲ್ಲಿ ಇಂಟೆಲ್ 150 ಕೋಟಿ ಡಾಲರ್ ಕೊಡಲು ಒಪ್ಪುವುದರೊಂದಿಗೆ ಮುಗಿಯಿತು. ಅಷ್ಟರಲ್ಲಿ ಸೆಂಗ್, ಸಿರಸ್, ಟ್ರೈಡೆಂಟ್ ಈ ವ್ಯಾಪಾರದಿಂದ ಹೊರಬಿದ್ದಿದ್ದವು, ಎಸ್3ರ ಗ್ರಾಫಿಕ್ಸ್ ವಿಭಾಗ ಬೇರೆಯವರ ಕೈಸೇರಿತ್ತು. ಅಗ್ಗದ ಗ್ರಾಫಿಕ್ಸನ್ನು ಎಲ್ಲರಿಗೂ ಎಟುಕಿಸಿದ್ದು ಈ ಸಣ್ಣ ತಯಾರಕರ ಪೈಪೋಟಿ. ಅದೇ ಅಗ್ಗತನವು ಅವರಿಗೆ ಉಳಿಗಾಲ ಕೊಡಲಿಲ್ಲ. ಬಳಕೆದಾರನಿಗೆ ಲಾಭವಾಯಿತೆಂದು ಈ ನಷ್ಟವನ್ನು ಮರೆಯಲಾಗದು, ಏಕೆಂದರೆ ಹತ್ತಾರು ತಯಾರಕರಿದ್ದ ಕಡೆ ಇಂಟೆಲ್, ಎಎಂಡಿ, ಎನ್ವಿಡಿಯಾ ಎಂಬ ಮೂವರೇ ಪ್ರಮುಖರಾಗಿ ಉಳಿದಿದ್ದಾರೆ.

ಆ ಮೂವರಿಗೂ ಇಂದು ಬೆಂಗಳೂರಿನಲ್ಲಿ ವಿನ್ಯಾಸ ಕೇಂದ್ರಗಳಿವೆ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ತೆರೆದ ಕೇಂದ್ರದಿಂದ ಆರಂಭವಾದ ಈ ಪರಂಪರೆಯಲ್ಲಿ ಇಂಟೆಲ್‌ನ ಆರು ಕೋರ್‌ಗಳ ಡನ್ನಿಂಗ್ಟನ್ ಪ್ರೊಸೆಸರ್ 2008ರಲ್ಲಿ ಇಲ್ಲಿಂದ ಹೊರಬಂದಿತು. 2023ರ ನವೆಂಬರಿನಲ್ಲಿ ಎಎಂಡಿ ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು ಇಲ್ಲಿಯೇ ತೆರೆಯಿತು. ಚಿಪ್ಪಿನ ಕೆಲಸದಲ್ಲಿ ಕರ್ನಾಟಕಕ್ಕೆ ಇಷ್ಟು ಪಾಲಿದ್ದರೂ ಅದರ ಬಗ್ಗೆ ಕನ್ನಡದಲ್ಲಿ ಬಂದಿರುವ ಬರಹ ತೀರ ಕಡಿಮೆ.

ಗಂಜಿನ ಖರೀದಿದಾರನು ಈಗ ದರ ನೋಡುವ ಮೊಬೈಲಿನಲ್ಲಿಯೂ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಒಂದೇ ಚಿಪ್ಪಿನಲ್ಲಿರುತ್ತವೆ; ಅಲ್ಲಿಯ ಪೈಪೋಟಿ ಆರ್ಮ್‌ನ ಮಾಲಿ, ಕ್ವಾಲ್‌ಕಾಮ್‌ನ ಅಡ್ರಿನೋ ಮುಂತಾದವುಗಳ ನಡುವಿನದು. ಹಳೆಯ ಯಂತ್ರಗಳು ಮಾತ್ರ ಗುಜರಿಗೆ ಹೋಗುತ್ತಿವೆ. ತಾಲ್ಲೂಕು ಕಚೇರಿಯ ಉಗ್ರಾಣದಲ್ಲಿ, ಮುದ್ರಣಾಲಯದ ಅಟ್ಟದಲ್ಲಿ, ಅಡತ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಜಿಸ್ಟ್ ಕಾರ್ಡು, ಏಕವರ್ಣದ ಮಾನಿಟರು, ಮೊದಲ ಕನ್ನಡ ತಂತ್ರಾಂಶಗಳ ಫ್ಲಾಪಿ ಉಳಿದಿದ್ದರೆ, ಅವನ್ನು ತೂಕಕ್ಕೆ ಹಾಕುವ ಮೊದಲು ಅವುಗಳ ಮಾಲೀಕರು ಒಮ್ಮೆ ಯೋಚಿಸಬೇಕು. ಗುಲ್ಬರ್ಗಾ ವಿಶ್ವವಿದ್ಯಾಲಯವೂ ಹಂಪಿಯ ಕನ್ನಡ ವಿಶ್ವವಿದ್ಯಾಲಯವೂ ಶಾಸನ, ಹಸ್ತಪ್ರತಿಗಳಿಗೆ ತೋರುವ ಕಾಳಜಿಯನ್ನು ಈ ವಸ್ತುಗಳಿಗೂ ತೋರಿಸಿ, ಬಳಸಿದವರ ಹೇಳಿಕೆಗಳೊಡನೆ ಅವನ್ನು ಸಂಗ್ರಹಿಸುವ ಕೆಲಸವನ್ನು ಈಗಲೇ ಕೈಗೆತ್ತಿಕೊಳ್ಳಬೇಕು.