ಗೊತ್ತಿದ್ದವರ ಋಣ

ಅಂಧೇರಿ ನಿಲ್ದಾಣದ ಮೇಲ್ಸೇತುವೆಯಿಂದ ಪೂರ್ವಕ್ಕೆ ಇಳಿದರೆ ಸೀಪ್ಝ್ ಕಡೆಗೆ ಹೋಗುವ ಬಸ್ಸು ರಿಕ್ಷಾಗಳ ಸಾಲು. ಎಲೆಕ್ಟ್ರಾನಿಕ್ ಸಾಮಾನುಗಳ ರಫ್ತಿಗೆಂದು 1973ರಲ್ಲಿ ಆರಂಭವಾದ ಈ ವಲಯ ಮುಂದೆ ಸಾಫ್ಟ್‌ವೇರಿಗೂ ಹೆಸರಾಯಿತು. ಪಶ್ಚಿಮಕ್ಕೆ ಇಳಿದು ವೀರಾ ದೇಸಾಯಿ ರಸ್ತೆಯತ್ತ ಹೊರಟರೆ ಮೊಗವೀರ ವ್ಯವಸ್ಥಾಪಕ ಮಂಡಳಿಯ ಭವನ ಸಿಗುತ್ತದೆ. ಮಂಡಳಿ ಸ್ಥಾಪನೆಯಾದದ್ದು 1902ರಲ್ಲಿ. ಹಳಿಯ ಒಂದು ಮಗ್ಗುಲಿಗೆ ಕಂಪ್ಯೂಟರಿನ ಕಥೆ, ಇನ್ನೊಂದು ಮಗ್ಗುಲಿಗೆ ರಾತ್ರಿ ಶಾಲೆಯ ಕಥೆ. ಇವೆರಡಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವಿದೆಯೆಂದು ನಮಗೆ ಹೊಳೆದದ್ದು ನಮ್ಮದೇ ಒಂದು ತಪ್ಪಿನಿಂದ.

ನಾವು ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ಗುಮಾಸ್ತರು. ಬಿ.ಎಸ್ಸಿ. ಓದುವಾಗ ಕಲಿತ ಅಲ್ಪಸ್ವಲ್ಪ ಪ್ರೋಗ್ರಾಮಿಂಗಿನಿಂದಾಗಿ ‘ಕಂಪ್ಯೂಟರ್ ಬಲ್ಲವರು’ ಎಂಬ ಹೆಸರು ನಮಗೆ ಅಂಟಿಕೊಂಡಿದೆ. ಕೆಲವು ವರ್ಷಗಳ ಹಿಂದೆ ಬೀದರ್ ಕಡೆಯ ಹುಡುಗನೊಬ್ಬ ನಮ್ಮಲ್ಲಿಗೆ ಹೊಸದಾಗಿ ಬಂದ. ನಿವೃತ್ತರ ಬಾಕಿ ಹಣದ ಲೆಕ್ಕ ಹಾಕುವ ಪುಟ್ಟ ಪ್ರೋಗ್ರಾಮೊಂದನ್ನು ಅವನಿಗೆ ವಹಿಸಲಾಗಿತ್ತು. ಒಂದು ದಿನ ನಮ್ಮ ಮೇಜಿನ ಬಳಿ ನಿಂತು, ‘ಸರ್, ತಾರೀಖು ಯಾಕ ಹಿಂಗ ಬರ್ಲಿಕತ್ತದ?’ ಎಂದು ಕೇಳಿದ. ನಾವು ತಲೆಯೆತ್ತದೆ, ‘ಇಷ್ಟೂ ಗೊತ್ತಿಲ್ಲವೇನಯ್ಯಾ? ಮೊದಲು ಪುಸ್ತಕ ಓದಿಕೊಂಡು ಬಾ’ ಎಂದೆವು. ಸುತ್ತಲಿದ್ದ ನಾಲ್ವರು ನಕ್ಕರು. ಹುಡುಗ ತನ್ನ ಜಾಗಕ್ಕೆ ಹೋಗಿ ಕುಳಿತ. ಮತ್ತೆಂದೂ ನಮ್ಮನ್ನು ಏನೂ ಕೇಳಲಿಲ್ಲ.

ಅವನ ಪ್ರಶ್ನೆ ಸಣ್ಣದಾಗಿರಲಿಲ್ಲ. 04-05 ಎಂದು ಬರೆದರೆ ನಮಗೆ ಅದು ಮೇ 4; ಅಮೆರಿಕದ ಪದ್ಧತಿಗೆ ಹೊಂದಿಸಿದ ಕಂಪ್ಯೂಟರಿಗೆ ಏಪ್ರಿಲ್ 5. ದಿನದ ಸಂಖ್ಯೆ 12 ದಾಟಿದ್ದರೆ ಅಂಥ ತಿಂಗಳಿಲ್ಲವಾದ್ದರಿಂದ ಎಡವಟ್ಟು ಕಣ್ಣಿಗೆ ಬೀಳುತ್ತದೆ. ಅದರೊಳಗಿದ್ದರೆ ಲೆಕ್ಕ ಸದ್ದಿಲ್ಲದೆ ಕೆಡುತ್ತದೆ. ಹಾಗೆಯೇ ಕೆಟ್ಟಿತು. ತಪ್ಪು ಬಯಲಾಗುವ ಹೊತ್ತಿಗೆ ಪಟ್ಟಿ ಮೇಲಿನವರಿಗೆ ಹೋಗಿಯಾಗಿತ್ತು. ಎಲ್ಲವನ್ನೂ ಮತ್ತೆ ಲೆಕ್ಕ ಹಾಕಬೇಕಾಯಿತು. ಹಲವು ವೃದ್ಧರಿಗೆ ಹಣ ಒಂದು ತಿಂಗಳು ತಡವಾಯಿತು. ವಿವರಣೆ ಬರೆದುಕೊಡಬೇಕಾದವನು ಆ ಹುಡುಗ. ನಿಜವಾಗಿ ಬರೆಯಬೇಕಾಗಿದ್ದವರು ನಾವು.

ಆ ರಾತ್ರಿ ನಮಗೆ ನೆನಪಾದದ್ದು ನಮ್ಮ ಹಿರಿಯರು ಹೇಳುತ್ತಿದ್ದ ರಾತ್ರಿ ಶಾಲೆಗಳು. ತುಳುನಾಡಿನಿಂದ ಚಿಕ್ಕ ವಯಸ್ಸಿನಲ್ಲೇ ಮುಂಬಯಿಗೆ ಬಂದ ಹುಡುಗರು ಉಡುಪಿ ಹೋಟೆಲುಗಳಲ್ಲಿ ಕಪ್ಪು ಬಸಿ ತೊಳೆದು, ಮೇಜು ಒರೆಸಿ, ಕತ್ತಲಾದ ಮೇಲೆ ಪಾಟಿ ಪುಸ್ತಕ ಹಿಡಿಯುತ್ತಿದ್ದರು. ಮೊಗವೀರ ಮಂಡಳಿಯಂಥ ಸಂಸ್ಥೆಗಳು ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಇವರಿಗಾಗಿ ಕನ್ನಡ ರಾತ್ರಿ ಶಾಲೆ ತೆರೆದವು. ಇತರ ಸಮಾಜಗಳೂ ಸಂಘಗಳೂ ಅದೇ ದಾರಿ ಹಿಡಿದವು. ಅಲ್ಲಿ ಪಾಠ ಹೇಳಿದವರಲ್ಲಿ ಅನೇಕರು ಹಗಲು ಕಚೇರಿಗಳಲ್ಲಿ ದುಡಿಯುತ್ತಿದ್ದವರು. ಕೆಲವರು ಅಂಥದೇ ಬೆಂಚಿನ ಮೇಲೆ ಕುಳಿತು ಮೇಲೆ ಬಂದವರು. ಬೆಳಗಿನಿಂದ ದುಡಿದ ಹುಡುಗ ತರಗತಿಯಲ್ಲಿ ತೂಕಡಿಸಿದರೆ ಅವನು ದಡ್ಡನಲ್ಲ, ದಣಿದಿದ್ದಾನೆ ಎಂಬುದು ಅವರಿಗೆ ತಿಳಿದಿತ್ತು. ಹತ್ತು ಸಲ ಹೇಳಿದ್ದನ್ನು ಹನ್ನೊಂದನೆಯ ಸಲ ಹೇಳುವ ತಾಳ್ಮೆ ಬಂದದ್ದು ಆ ತಿಳಿವಳಿಕೆಯಿಂದ. ಇಂದು ಅದೇ ಕುಟುಂಬಗಳ ಮೊಮ್ಮಕ್ಕಳು ಕಂಪ್ಯೂಟರ್ ಕಂಪೆನಿಗಳಲ್ಲಿ ದೊಡ್ಡ ಹುದ್ದೆಯಲ್ಲಿದ್ದಾರೆ.

ಕಂಪ್ಯೂಟರಿನ ವಿಷಯದಲ್ಲಿಯೂ ಮುಂಬಯಿಯ ಚರಿತ್ರೆ ಇದನ್ನೇ ಹೇಳುತ್ತದೆ. ನಮ್ಮ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ 1950ರ ದಶಕದಲ್ಲಿ ಸ್ವಂತ ಕಂಪ್ಯೂಟರ್ ಕಟ್ಟಲು ಹೊರಟಾಗ ಆ ಸಣ್ಣ ತಂಡದಲ್ಲಿ ಆರ್. ನರಸಿಂಹನ್ ಅವರೊಬ್ಬರನ್ನು ಬಿಟ್ಟರೆ ಉಳಿದವರು ಕಂಪ್ಯೂಟರನ್ನು ಬಳಸಿದವರೇ ಅಲ್ಲ. ಅಂಥ ‘ಏನೂ ಗೊತ್ತಿಲ್ಲದ’ ತರುಣರು ಸೇರಿ ಸುಮಾರು 2,700 ವಾಲ್ವುಗಳ ಯಂತ್ರವೊಂದನ್ನು 1960ರಲ್ಲಿ ಚಾಲನೆಗೆ ತಂದರು. ಅದಕ್ಕೆ ಟಿಫ್ರ್ಯಾಕ್ ಎಂದು 1962ರಲ್ಲಿ ನಾಮಕರಣ ಮಾಡಿದವರು ಪ್ರಧಾನಿ ನೆಹರೂ. 1964ರಲ್ಲಿ ಅದೇ ಸಂಸ್ಥೆಗೆ ಸಿಡಿಸಿ 3600 ಎಂಬ ದೊಡ್ಡ ಯಂತ್ರ ಬಂದಿತು. ತೂತು ಹೊಡೆದ ಕಾರ್ಡುಗಳ ಆ ಕಾಲದಲ್ಲಿ ಒಂದು ತೂತು ತಪ್ಪಿದರೂ ತಿದ್ದಿಕೊಂಡು ಮತ್ತೆ ಸರದಿ ಕಾಯಬೇಕು. ಪಕ್ಕದಲ್ಲಿ ನಿಂತ ಅನುಭವಿ ಒಂದು ಮಾತು ಹೇಳಿದರೆ ಹೊಸಬನ ಒಂದು ದಿನ ಉಳಿಯುತ್ತಿತ್ತು.

ಕನ್ನಡಿಗರ ಉದಾಹರಣೆಗಳೂ ನಮ್ಮ ಊರಲ್ಲೇ ಇವೆ. ದಕ್ಷಿಣ ಕನ್ನಡದ ಕಿನ್ನಿಕಂಬಳದ ಕೆ.ಪಿ. ರಾವ್ ಅವರು ಮುಂಬಯಿಯ ಟಾಟಾ ಪ್ರೆಸ್ಸಿನಲ್ಲಿ ದುಡಿದವರು. ಇಂಗ್ಲಿಷ್ ಕೀಲಿಮಣೆ ಮಾತ್ರ ಕಂಡವನಿಗೂ ಸುಲಭವಾಗುವಂತೆ, ಉಚ್ಚಾರಣೆಯನ್ನು ಅನುಸರಿಸುವ ಕನ್ನಡ ಕೀಲಿವಿನ್ಯಾಸ ರೂಪಿಸಿದರು. ‘ಸೇಡಿಯಾಪು’ ಎಂಬ ತಂತ್ರಾಂಶವನ್ನು ಉಚಿತವಾಗಿ ಹಂಚಿದರು. ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದ ಡಾ. ಯು.ಬಿ. ಪವನಜ ಅವರು ಮುಂದೆ ‘ಕನ್ನಡಪ್ರಭ’ದ ‘ಗಣಕಿಂಡಿ’ ಅಂಕಣದಲ್ಲಿ ಜನಸಾಮಾನ್ಯರಿಗೆ ಕಂಪ್ಯೂಟರನ್ನು ಪರಿಚಯಿಸಿದರು. ಮಕ್ಕಳು ಕನ್ನಡದಲ್ಲೇ ಆಜ್ಞೆ ಕೊಟ್ಟು ಪ್ರೋಗ್ರಾಮ್ ಬರೆಯುವಂತೆ ‘ಕನ್ನಡ ಲೋಗೋ’ ಸಿದ್ಧಪಡಿಸಿದರು. ಇಬ್ಬರೂ ಹೊಸಬ ನಿಂತ ಮೆಟ್ಟಿಲಿಗೆ ತಾವೇ ಇಳಿದು ಬಂದವರು.

ಅನುಭವಿಗಳ ಅಳಲನ್ನೂ ಅಲ್ಲಗಳೆಯುವಂತಿಲ್ಲ. ಒಂದೇ ಪ್ರಶ್ನೆಯನ್ನು ನೂರು ಜನ ಕೇಳುತ್ತಾರೆ. ಕೆಲವರು ಎರಡು ಪುಟ ಓದುವ ಶ್ರಮವನ್ನೂ ಪಡದೆ ತಮ್ಮ ಕೆಲಸವನ್ನೇ ನಮ್ಮಿಂದ ಮಾಡಿಸಿಕೊಳ್ಳಲು ಬರುತ್ತಾರೆ. ಕೇಳುವವನಿಗೂ ಧರ್ಮವಿದೆ: ತಾನು ಮಾಡಬೇಕೆಂದದ್ದು ಏನು, ಮಾಡಿದ್ದು ಏನು, ಯಂತ್ರ ಕೊಟ್ಟ ಸಂದೇಶ ಏನು, ಇವಿಷ್ಟನ್ನು ಆತ ಸ್ಪಷ್ಟವಾಗಿ ಹೇಳಬೇಕು. ಆದರೆ ಹೀಗೆ ಕೇಳಬೇಕೆಂಬುದನ್ನು ಕೂಡ ಯಾರಾದರೂ ಅವನಿಗೆ ಕಲಿಸಬೇಕಷ್ಟೆ. ಹೊಸಬನ ದೊಡ್ಡ ಕಷ್ಟವೆಂದರೆ ತನಗೆ ಏನು ಗೊತ್ತಿಲ್ಲವೆಂಬುದೇ ಅವನಿಗೆ ಗೊತ್ತಿರುವುದಿಲ್ಲ.

ಆದುದರಿಂದ ಬಲ್ಲವರು ಕೆಲವು ವಿಷಯ ನೆನಪಿಟ್ಟರೆ ಸಾಕೆಂದು ನಮ್ಮ ಅಭಿಪ್ರಾಯ. ನಾಲ್ಕು ಜನರ ಮುಂದೆ ಹಂಗಿಸಬಾರದು. ಉತ್ತರ ಹೇಳುವ ಮೊದಲು ‘ನೀನು ಮಾಡಬೇಕೆಂದಿರುವುದು ಏನಪ್ಪಾ?’ ಎಂದು ಕೇಳಬೇಕು. ಎಷ್ಟೋ ಸಲ ಕೇಳಿದ ಪ್ರಶ್ನೆ ಒಂದು, ತೊಡಕು ಇನ್ನೊಂದು. ಪೂರ್ತಿ ಬರೆದುಕೊಡದೆ ಮುಂದಿನ ಒಂದು ಹೆಜ್ಜೆ ತೋರಿಸಬೇಕು. ಪುಸ್ತಕ ಓದು ಎನ್ನುವುದಾದರೆ ಯಾವ ಪುಟವೆಂದೂ ಹೇಳಬೇಕು. ಹೊತ್ತಿಲ್ಲದಿದ್ದರೆ ‘ಈಗ ಪುರಸತ್ತಿಲ್ಲ, ನಾಳೆ ಬಾ’ ಎನ್ನಬೇಕು. ಅದರಿಂದ ಯಾರ ಮಾನವೂ ಹೋಗದು.

ಆ ಹುಡುಗನನ್ನು ನಾವು ಕ್ಷಮೆ ಕೇಳಿದೆವು. ‘ಇರಲಿ ಬಿಡ್ರಿ ಸರ್’ ಎಂದ. ಆದರೆ ಮೊದಲಿನಂತೆ ಮೇಜಿನ ಬಳಿ ಬರಲು ಅವನಿಗೆ ವರ್ಷವೇ ಬೇಕಾಯಿತು. ಅಷ್ಟರಲ್ಲಿ ಎಷ್ಟು ಪ್ರಶ್ನೆಗಳನ್ನು ಒಳಗೇ ನುಂಗಿದನೋ ಬಲ್ಲವರಾರು!

ನಮ್ಮ ಸಂಘದ ಸದಸ್ಯರಲ್ಲಿ ಪ್ರೋಗ್ರಾಮ್ ಬರೆಯುವುದರಲ್ಲಿ ಪಳಗಿದವರು ಅನೇಕರಿದ್ದಾರೆ. ಊರಿನಿಂದ ಹೊಸದಾಗಿ ಬಂದು, ಇಂಗ್ಲಿಷಿನಲ್ಲಿ ಕೇಳಲು ಅಂಜಿ ಸುಮ್ಮನಿರುವ ಮಕ್ಕಳೂ ಇದ್ದಾರೆ. ಭಾನುವಾರ ಬೆಳಿಗ್ಗೆ ಎರಡು ಗಂಟೆ ಕಾಲ ಸಂಘದ ಕೋಣೆಯಲ್ಲಿ ಇವರಿಬ್ಬರೂ ಕನ್ನಡದಲ್ಲಿ ಕೂಡಿ ಕುಳಿತರೆ ಖರ್ಚಾಗುವುದು ಚಹಾಕ್ಕೆ ಮಾತ್ರ. ಕಾರ್ಯಕಾರಿ ಸಮಿತಿಯವರು ಯೋಚಿಸಲೆಂದು ವಿನಂತಿ. ಮೊದಲ ಭಾನುವಾರ ಬಾಗಿಲು ತೆರೆದು ಕುಳಿತುಕೊಳ್ಳಲು ನಾವು ಸಿದ್ಧರಿದ್ದೇವೆ. ಬೀದರಿನ ಆ ಹುಡುಗನೂ ಕಲಿಸಲು ಬರುತ್ತೇನೆಂದು ಒಪ್ಪಿದ್ದಾನೆ.