ವಾಲ್ವ್‌ನಿಂದ ಚಿಪ್‌ಗೆ: ರೇಡಿಯೊ ಮೇಜು ಕಲಿತ ಪಾಠ

1935ರ ಸೆಪ್ಟೆಂಬರ್ 10ರಂದು ಮೈಸೂರಿನ ಮನೆಯೊಂದರಿಂದ ರೇಡಿಯೊ ಪ್ರಸಾರ ಆರಂಭವಾಯಿತು. ಮನೆಯ ಹೆಸರು ‘ವಿಠ್ಠಲ ವಿಹಾರ’. ಪ್ರಸಾರ ಮಾಡಿದವರು ಮಹಾರಾಜ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿ. ಬಳಸಿದ್ದು 30 ವಾಟ್‌ನ ಪುಟ್ಟ ಟ್ರಾನ್ಸ್‌ಮಿಟರ್. ‘ಆಕಾಶವಾಣಿ’ ಎಂಬ ಆ ಕೇಂದ್ರದ ಹೆಸರನ್ನೇ 1950ರ ದಶಕದಲ್ಲಿ ಇಡೀ ದೇಶದ ಬಾನುಲಿ ತನ್ನದಾಗಿಸಿಕೊಂಡಿತು.

ಎಂಜಿನಿಯರ್ ಅಲ್ಲದ ಒಬ್ಬ ಮೇಷ್ಟರು ಮನೆಯಲ್ಲೇ ಇಷ್ಟು ಸಾಧಿಸಿದರೆಂದ ಮೇಲೆ, 1997ರವರೆಗೂ ಅದೇ ಮೈಸೂರು ಜಿಲ್ಲೆಗೆ ಸೇರಿದ್ದ ಸಂತೆಮರಹಳ್ಳಿಯಂಥ ಊರಿನ ಹುಡುಗನಿಗೂ ಆಸೆ ಹುಟ್ಟುವುದು ಸಹಜ. ಆದರೆ ಎಲೆಕ್ಟ್ರಾನಿಕ್ಸ್ ಕೆಲಸಕ್ಕೆ ಕೂರುವ ಮೇಜು ಹೇಗಿರಬೇಕು? ಇದಕ್ಕೆ ಎರಡು ಕಾಲಗಳು ಎರಡು ವಿರುದ್ಧ ಉತ್ತರಗಳನ್ನು ಕೊಟ್ಟಿವೆ.

ಮೊದಲನೆಯದು ವಾಲ್ವ್ ರೇಡಿಯೊ ಕಾಲ. ಆ ಸೆಟ್ಟುಗಳೊಳಗೆ 250 ವೋಲ್ಟ್‌ನಷ್ಟು ವಿದ್ಯುತ್ ಇರುತ್ತಿತ್ತು. ಕೆಲವು ಸೆಟ್ಟುಗಳ ತಗಡಿನ ಚಾಸಿಗೇ ಕರೆಂಟಿನ ಒಂದು ತಂತಿ ಸೇರಿರುತ್ತಿತ್ತು. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ ವಿದ್ಯುತ್ ಉಳಿದಿರುತ್ತಿತ್ತು. ಹಾಗಾಗಿ ಒಣಗಿದ ಮರದ ಮೇಜು, ಕಾಲಡಿಗೆ ರಬ್ಬರ್ ಹಾಸು. ನೆಲಕ್ಕೂ ಮೈಗೂ ಸಂಬಂಧ ತಪ್ಪಿಸುವುದೇ ಅಂದಿನ ನಿಯಮ.

ರಿಪೇರಿ ಅಂಗಡಿಗಳ ‘ಸೀರೀಸ್ ಬಲ್ಬು’ ಕೂಡ ಈ ಕಾಲದ ಬಳುವಳಿ. ಕರೆಂಟು ಮೊದಲು ತಂತಿಯ ಬಲ್ಬಿನ ಮೂಲಕ ಹಾದು ಆಮೇಲೆ ಸೆಟ್ಟಿಗೆ ಹೋಗುತ್ತದೆ. ಸೆಟ್ಟು ಶಾರ್ಟ್ ಆಗಿದ್ದರೆ ಬಲ್ಬು ಪೂರ್ತಿ ಉರಿಯುತ್ತದೆ, ಸರಿಯಿದ್ದರೆ ಮಂಕಾಗುತ್ತದೆ. ಇದಕ್ಕೆ ಎಲ್‌ಇಡಿ ಬಲ್ಬು ಬಾರದು. ಇನ್ನೊಂದು ಮಾತು: ಈ ಬಲ್ಬು ಕಾಯುವುದು ಸೆಟ್ಟನ್ನು, ಮನುಷ್ಯನನ್ನಲ್ಲ. ಶಾಕ್ ತಡೆಯುವ ಶಕ್ತಿ ಅದಕ್ಕಿಲ್ಲ.

1947ರ ಡಿಸೆಂಬರ್‌ನಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. 1960ರ ದಶಕದಲ್ಲಿ ಬೆಂಗಳೂರಿನ ಬಿಇಎಲ್ ಕೂಡ ಟ್ರಾನ್ಸಿಸ್ಟರ್ ತಯಾರಿಸತೊಡಗಿತು. ನಾಲ್ಕಾರು ಸೆಲ್ಲಿನಲ್ಲೇ ರೇಡಿಯೊ ಹಾಡಿತು. ಪ್ರಾಣಭಯ ದೂರವಾಯಿತು ಎನ್ನುವಷ್ಟರಲ್ಲಿ ಚಿಪ್ ಬಂತು, ಅದರೊಡನೆ ಅಪಾಯ ತಿರುಗುಮುರುಗಾಯಿತು. ಈಗ ಮನುಷ್ಯನೇ ಯಂತ್ರಕ್ಕೆ ಕಂಟಕ! ಬಟ್ಟೆಯ ಉಜ್ಜಾಟದಿಂದ ಮೈಯಲ್ಲಿ ಸೇರುವ ಸ್ಥಿರವಿದ್ಯುತ್ತು ಸುಮಾರು 3000 ವೋಲ್ಟ್ ಮುಟ್ಟುವವರೆಗೆ ನಮ್ಮ ಅರಿವಿಗೇ ಬರುವುದಿಲ್ಲ. ಕೆಲವು ಚಿಪ್‌ಗಳು ಹಾಳಾಗಲು ನೂರಿನ್ನೂರು ವೋಲ್ಟ್ ಸಾಕು. ಆದ್ದರಿಂದ ಹೊಸ ಮೇಜಿನಲ್ಲಿ ಮೈಯನ್ನು ನೆಲಕ್ಕೆ, ಅಂದರೆ ಅರ್ತ್‌ಗೆ, ಜೋಡಿಸಬೇಕು.

ದೂರವಿರು ಎಂದಿತು ಹಳೆಯ ಮೇಜು, ಸೇರಿಕೋ ಎನ್ನುತ್ತದೆ ಹೊಸದು. ಈ ಜಗಳವನ್ನು ಬಿಡಿಸಿರುವುದು ಕೈಪಟ್ಟಿಯ ತಂತಿಯೊಳಗಿನ 1 ಮೆಗಾಓಮ್‌ನ ಪುಟ್ಟ ರೆಸಿಸ್ಟರ್. ಸ್ಥಿರವಿದ್ಯುತ್ತು ಅದರ ಮೂಲಕ ಮೆಲ್ಲಗೆ ಇಳಿದುಹೋಗುತ್ತದೆ. ಅಕಸ್ಮಾತ್ ಕೈ 230 ವೋಲ್ಟ್‌ಗೆ ತಗುಲಿದರೂ ಆ ಪಟ್ಟಿಯಲ್ಲಿ ಹರಿಯುವುದು 0.23 ಮಿಲಿಆಂಪಿಯರ್ ಮಾತ್ರ. ಬರಿಯ ತಂತಿಯನ್ನು ಕೈಗೆ ಕಟ್ಟಿಕೊಂಡರೆ ಅದೇ ಯಮಪಾಶ. ಪಟ್ಟಿ ಇದ್ದರೂ ಕರೆಂಟಿರುವ ಸೆಟ್ಟಿಗೆ ಕೈ ಹಾಕುವಾಗ ಅದನ್ನು ಬಿಚ್ಚಿಡುವುದೇ ಕ್ಷೇಮ.

ಕನಸಿನ ಮೇಜೆಂದರೆ ದುಬಾರಿ ಉಪಕರಣಗಳ ಸಾಲು ಎಂದು ಹಲವರು ತಿಳಿಯುತ್ತಾರೆ. ಬೆಸುಗೆಯ ಹೊಗೆ ಹೊರಹೋಗಲು ಕಿಟಕಿ, ನೆರಳು ಬೀಳದ ಬೆಳಕು, ಕೈಗೆಟಕುವ ಮೇನ್ ಸ್ವಿಚ್, ಒಂದು ಮಲ್ಟಿಮೀಟರ್, ಸರಿಯಾದ ಅರ್ತ್ ಇದ್ದರೆ ಆರಂಭಕ್ಕೆ ಸಾಕು. ಮೀಟರನ್ನು ಆಮೇಲೆಯೂ ಕೊಳ್ಳಬಹುದು. ಅರ್ತ್ ಮಾತ್ರ ಮೊದಲ ದಿನವೇ ಇರಬೇಕು.